ಸಹಾಯ ಬೇಕು: ತಣ್ಣೀರಿನಲ್ಲಿ ಆಕ್ಟೋಪಸ್ ಫೋಟೊ ತೆಗೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಡೈವಿಂಗ್ ಕಲಿತದ್ದು ಮುರುಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ, ಬೆಚ್ಚನೆಯ ನೀರಿನಲ್ಲಿ. ಈಗ ಸಿಯಾಟಲ್‌ನಲ್ಲಿದ್ದೇನೆ. ಇಲ್ಲಿನ ಪ್ಯೂಜೆಟ್ ಸೌಂಡ್ ಎಂಬ ಕಡಲ ಒಳಚಾಚಿನಲ್ಲಿ ಚಳಿಗಾಲದ ನೀರು ಸುಮಾರು 8 ಡಿಗ್ರಿ. ಡ್ರೈಸೂಟ್ (ಮೈಗೆ ನೀರು ತಾಗದ ಡೈವಿಂಗ್ ಉಡುಪು) ಇದ್ದರೂ ಅರ್ಧ ಗಂಟೆಗೆ ಬೆರಳು ಮರಗಟ್ಟುತ್ತದೆ.

ಇಲ್ಲಿನ ಡೈವಿಂಗ್ ಜಾಗ ಸೀಕ್ರೆಸ್ಟ್ ಪಾರ್ಕ್‌ನ ಕೋವ್ 2ರಲ್ಲಿ ಜೈಂಟ್ ಪೆಸಿಫಿಕ್ ಆಕ್ಟೋಪಸ್‌ಗಳಿವೆ. 2013ರಿಂದ ಅಲ್ಲಿ ಅವನ್ನು ಹಿಡಿಯುವಂತಿಲ್ಲ. ಬಿಲದ ಬಾಯಲ್ಲಿ ಏಡಿ ಚಿಪ್ಪಿನ ರಾಶಿ ಕಂಡರೆ ಒಳಗೆ ಆಸಾಮಿ ಇದ್ದಾನೆ ಅಂತಲೇ ಲೆಕ್ಕ!

ತೊಂದರೆ ಏನೆಂದರೆ, ನೀರಿನಲ್ಲಿ ಪ್ಲಾಂಕ್ಟನ್ (ತೇಲುವ ಸಣ್ಣ ಜೀವಿಗಳು) ಜಾಸ್ತಿ. ಸ್ಟ್ರೋಬ್ (ನೀರೊಳಗಿನ ಫ್ಲ್ಯಾಶ್) ಹೊಡೆದರೆ ಫೋಟೊ ತುಂಬಾ ಬಿಳಿ ಚುಕ್ಕೆ, ರವೆ ಚೆಲ್ಲಿದ ಹಾಗೆ. ಎರಡೂ ಸ್ಟ್ರೋಬ್ ಅಗಲಿಸಿ ಹೊರಕ್ಕೆ ತಿರುಗಿಸಿದೆ. ಚುಕ್ಕೆ ಕಡಿಮೆಯಾಯಿತು, ಆದರೆ ಬಿಲದೊಳಗೆ ಬೆಳಕೇ ಹೋಗಲಿಲ್ಲ. ಒಂದನ್ನೇ ಮೇಲಿನಿಂದ ಹಿಡಿಯಲಾ? ಸ್ನೂಟ್ (ಬೆಳಕನ್ನು ಕಿರಿದಾಗಿಸುವ ಕೊಳವೆ) ಹಾಕಿ ನೋಡಿದವರು ಇದ್ದೀರಾ? ಟಾರ್ಚನ್ನು ಸುಮ್ನೆ ಮುಖಕ್ಕೆ ಹಿಡಿದು ಆಕ್ಟೋಪಸನ್ನು ಗಾಬರಿಪಡಿಸಲು ಇಷ್ಟವಿಲ್ಲ.

ಇನ್ನೊಂದು, ಬೆಚ್ಚಗಿನ ಕಾರಿನಲ್ಲಿ ಹೌಸಿಂಗ್ (ಕ್ಯಾಮೆರಾದ ನೀರು ನುಗ್ಗದ ಪೆಟ್ಟಿಗೆ) ಮುಚ್ಚಿ ನೀರಿಗಿಳಿದರೆ ಗಾಜಿನ ಒಳಗೆ ಮಂಜು ಕಟ್ಟುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಸಾಕಾ, ಅಥವಾ ಹೊರಗಿನ ಚಳಿಯಲ್ಲೇ ಮುಚ್ಚಬೇಕಾ? ಶನಿವಾರ ಮತ್ತೆ ಇಳಿಯುತ್ತಿದ್ದೇನೆ, ಅಷ್ಟರೊಳಗೆ ಯಾರಾದರೂ ಹೇಳಿ ಪ್ಲೀಸ್.