ಕೊಲೆ ಕೇಸಿನಲ್ಲಿ ಶಿಕ್ಷೆಯಾದ ಹುಡುಗನಿಗೆ ಕೌನ್ಸೆಲಿಂಗ್ ಯಾಕೆ?

ಪ್ರಶ್ನೆ: ನನ್ನ ಅಕ್ಕನ ಮಗ 17ನೇ ವಯಸ್ಸಿನಲ್ಲಿ ಜಗಳದಲ್ಲಿ ಒಬ್ಬನಿಗೆ ಚಾಕು ಹಾಕಿದ. ಆತ ತೀರಿಕೊಂಡ. ಮಕ್ಕಳ ನ್ಯಾಯಾಲಯ ಶಿಕ್ಷೆ ಕೊಟ್ಟು, ಜೈಲಿಗಲ್ಲ, ಇಂಥ ಹುಡುಗರನ್ನು ಇಡುವ ಸುರಕ್ಷತಾ ಸ್ಥಳಕ್ಕೆ ಕಳಿಸಿದೆ. ಅಲ್ಲಿ ಕೌನ್ಸೆಲಿಂಗ್ ಮಾಡ್ತಾರಂತೆ. ಅವನಿಗೇನು ಹುಚ್ಚಾ? ಮಾತ್ರೆ ಕೊಟ್ಟು ಮಂಕು ಮಾಡ್ತಾರೇನೋ ಅಂತ ಅಕ್ಕ ಅಳುತ್ತಾಳೆ.

ಉತ್ತರ (ಮಕ್ಕಳ ಮನಶ್ಶಾಸ್ತ್ರಜ್ಞೆ): ಹುಚ್ಚಿಗೆ ಮಾತ್ರ ಚಿಕಿತ್ಸೆ ಅಂತೇನಿಲ್ಲ. ಇಂಥ ಹುಡುಗರ ಜೊತೆ ಕೂತು ಕೇಳಿದರೆ ಹೊರಗೆ ಬರುವುದು ಮನೆಯಲ್ಲಿ ತಿಂದ ಹೊಡೆತ, ಅರ್ಧಕ್ಕೆ ಬಿಟ್ಟ ಶಾಲೆ, ಗಾಂಜಾ, ಕುಡಿತ. ಕೆಲವರಿಗೆ ತಾವು ಮಾಡಿದ್ದೇ ಕನಸಲ್ಲಿ ಬಂದು ನಿದ್ದೆ ಇರುವುದಿಲ್ಲ. ನಂಬಿಕೆ ಬಂದ ಮೇಲೆ ಆ ದಿನವನ್ನು ನಿಮಿಷ ನಿಮಿಷವಾಗಿ ಬಿಡಿಸುತ್ತೇವೆ. ಯಾರು ಏನಂದರು, ಮೈ ಯಾವಾಗ ಬಿಸಿಯಾಯಿತು, ಎಲ್ಲಿ ಎದ್ದು ಹೋಗಬಹುದಿತ್ತು. ಇದು ತಿಂಗಳುಗಟ್ಟಲೆ ನಡೆಯುವ ಕೆಲಸ. ಮಾತ್ರೆ ಎಲ್ಲರಿಗೂ ಬೇಕಾಗುವುದಿಲ್ಲ. ಹುಡುಗ ಮಂಕಾಗಿ ಕಂಡರೆ ಸುಮ್ನೆ ಇರಬೇಡಿ, ಯಾವ ಮಾತ್ರೆ, ಯಾಕೆ ಅಂತ ಕೇಳಿ.

ಇದು ಯಾರದೋ ಕೃಪೆಯಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅಲ್ಲಿ ಓದು, ಕೆಲಸದ ತರಬೇತಿ, ಕೌನ್ಸೆಲಿಂಗ್, ಮನೋವೈದ್ಯರ ನೆರವು ಸಿಗಬೇಕು. 21 ತುಂಬಿದಾಗ ಹುಡುಗ ಬದಲಾಗಿದ್ದಾನಾ ಅಂತ ಕೋರ್ಟು ನೋಡುತ್ತದೆ. ಬಿಡುಗಡೆಯೋ, ಉಳಿದ ಶಿಕ್ಷೆಗೆ ಜೈಲೋ ಅನ್ನುವುದು ಆಗ ತೀರ್ಮಾನ. ಅದಕ್ಕೇ ಈಗಿನ ಒಂದೊಂದು ತಿಂಗಳೂ ಮುಖ್ಯ. ಅವನಿಗೆ ಏನೇನು ನೆರವು ಬೇಕು ಅಂತ ಬರೆದಿಡುವ ವೈಯಕ್ತಿಕ ಆರೈಕೆ ಯೋಜನೆಯಲ್ಲಿ ಏನಿದೆ ಅಂತ ಪ್ರೊಬೇಷನ್ ಅಧಿಕಾರಿಯನ್ನು ಕೇಳಿ.

ಇನ್ನೊಬ್ಬ ಸದಸ್ಯರು: ಕೊಂದವನಿಗೆ ಇಷ್ಟೆಲ್ಲ! ಸತ್ತವನ ತಾಯಿಯನ್ನು ಕೇಳೋರು ಯಾರು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಆ ತಾಯಿಗೂ ನೆರವು ಸಿಗಲೇಬೇಕು. ಆದರೆ ಈ ಹುಡುಗ ಒಂದು ದಿನ ಹೊರಗೆ ಬರುತ್ತಾನೆ ಅಲ್ವಾ? ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮೆಂಡೋಟಾ ಅಂತ ಒಂದು ಕೇಂದ್ರವಿದೆ. ಬೇರೆ ಬಾಲಾಪರಾಧಿ ಕೇಂದ್ರಗಳು ಕೈಚೆಲ್ಲಿದ ಹುಡುಗರನ್ನೇ ಅದು 1995ರಿಂದ ತೆಗೆದುಕೊಳ್ಳುತ್ತಿದೆ. ಅಲ್ಲಿ ಪೂರ್ತಿ ಚಿಕಿತ್ಸೆ ಪಡೆಯದ ಅಂಥದೇ ಹುಡುಗರ ಗುಂಪೊಂದು ಬಿಡುಗಡೆಯಾದ ಮೇಲೆ 16 ಜನರನ್ನು ಕೊಂದಿತು. ಚಿಕಿತ್ಸೆ ಪಡೆದವರ ಗುಂಪು ಒಬ್ಬರನ್ನೂ ಕೊಲ್ಲಲಿಲ್ಲ. ಆ 16 ಜನರಿಗೂ ತಾಯಂದಿರಿದ್ದರು.

ಮೊದಲ ಪ್ರಶ್ನೆ ಕೇಳಿದವರು: ನೋಡೋಕೆ ಹೋದಾಗ ಆ ವಿಷಯ ಎತ್ತಬೇಕಾ?

ಉತ್ತರ: ನೀವಾಗಿ ಎತ್ತಬೇಡಿ. ಅವನು ಎತ್ತಿದರೆ 'ಆಗಿದ್ದು ಆಯ್ತು ಬಿಡು' ಅಂತ ಬಾಯಿ ಮುಚ್ಚಿಸಲೂಬೇಡಿ. ಅವನು ಮಾಡಿದ್ದನ್ನು ಅವನ ಬಾಯಲ್ಲೇ ಕೇಳಿಸಿಕೊಳ್ಳಿ. ಸಾಯುವ ಮಾತಾಡಿದರೆ ಅವತ್ತೇ ಸಿಬ್ಬಂದಿಗೆ ತಿಳಿಸಿ. ಅಕ್ಕನಿಗೂ ಆಸರೆ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿಸಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹುಡುಗನ ಹೆಸರು, ಊರು ಮಾತ್ರ ಈ ಗುಂಪಿನಲ್ಲಿ ಹಾಕಬೇಡಿ, ಕಾನೂನು ಬಿಡುವುದಿಲ್ಲ.