ಮನೆ ಮುಂದಿನ ಲಾನ್ ಪ್ರತಿ ಮಳೆಗಾಲ ಕೊಳೆಯುತ್ತಿದೆ, ಗೋಡೆಗೆಲ್ಲ ಕೆಂಪು ಕೆಸರು. ಏನು ಮಾಡಬಹುದು? (ತೀರ್ಥಹಳ್ಳಿ ಕಡೆ)

ಮೇಗರವಳ್ಳಿ_ಮನೆ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಇರುವುದು ತೀರ್ಥಹಳ್ಳಿ–ಆಗುಂಬೆ ರಸ್ತೆಯಲ್ಲಿ, ಮೇಗರವಳ್ಳಿ ಹತ್ತಿರ. ಧರೆ ಕಡಿದು ಸಮತಟ್ಟು ಮಾಡಿ ಕಟ್ಟಿದ್ದು. ಮುಂದಿನ ಅಂಗಳ 40 ಅಡಿ ಅಗಲ, ಗೇಟಿನಿಂದ ಬಾಗಿಲಿಗೆ 30 ಅಡಿ. ನರ್ಸರಿಯವರು ಬಂದು ಮೆಕ್ಸಿಕನ್ ಹುಲ್ಲಿನ ಚಾಪೆ ಹಾಸಿ ಹೋದರು. ಬೇಸಿಗೆಯಲ್ಲಿ ಪರವಾಗಿಲ್ಲ. ಆರಿದ್ರಾ ಮಳೆ ಹಿಡಿಯಿತು ಅಂದರೆ ಸೂರಿನ ಕೆಳಗಿಂದ ಶುರುವಾಗಿ ಅರ್ಧ ಅಂಗಳ ಕಪ್ಪಾಗಿ ಕೊಳೆಯುತ್ತದೆ. ಉಳಿದ ಕಡೆ ಹಾವಸೆ. ಸಿಮೆಂಟ್ ಹಾದಿಯಲ್ಲಿ ಅಪ್ಪ ಜಾರಿ ಬಿದ್ದಿದ್ದೂ ಆಯಿತು. ಬಿಳಿ ಗೋಡೆಗೆ ಮೊಣಕಾಲೆತ್ತರ ಕೆಂಪು ಕೆಸರು ಸಿಡಿದಿರುತ್ತದೆ.
ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ನಾನು ಬೆಂಗಳೂರಿನಿಂದ ರಜೆಗೆ ಬರುವವನು. ರಸ್ತೆಯಿಂದ ನೋಡಿದರೆ ಮನೆ ಲಕ್ಷಣವಾಗಿ ಕಾಣಬೇಕು, ದಿನಾ ಕೆಲಸ ಇರಬಾರದು. ಬೇರೆ ಜಾತಿ ಹುಲ್ಲು ಹಾಕಬೇಕಾ, ಔಷಧಿ ಏನಾದರೂ ಇದೆಯಾ?

ವಿನೋಬನಗರ_ಟೆರೇಸ್
ನಮ್ಮನೆಯಲ್ಲಿ ಇದೇ ಮೆಕ್ಸಿಕನ್ ಹುಲ್ಲು ಸೂಪರ್ ಆಗಿದೆ ಸರ್. ಹಾವಸೆಗೆ ಸುಣ್ಣ ಎರಚಿ, ಹೋಗುತ್ತೆ.

ಜಂಬಿಟ್ಟಿಗೆ
ಪೂರ್ತಿ ಇಂಟರ್‌ಲಾಕ್ ಹಾಕಿಸಿ ಬಿಡಿ, ತಲೆನೋವೇ ಇಲ್ಲ. ನಾಲ್ಕು ಕುಂಡ ಇಟ್ಟರೆ ಮುಗಿಯಿತು.

ಸಾಗರದ_ತೋಟಿಗ
ವಿನೋಬನಗರದವರೇ, ಶಿವಮೊಗ್ಗ ಪೇಟೆಯ ಮಳೆ ವರ್ಷಕ್ಕೆ 1,000 ಮಿಲಿಮೀಟರ್ ಆಸುಪಾಸು. ಆಗುಂಬೆಯದು ಸರಾಸರಿ 7,000 ದಾಟುತ್ತದೆ. ಮೇಗರವಳ್ಳಿ ಇರುವುದು ಅದರ ಬಗಲಲ್ಲಿ. ಜಿಲ್ಲೆ ಒಂದೇ ಆದರೂ ಅಂಗಳ ಒಂದೇ ಅಲ್ಲ. ಇನ್ನು ಇಂಟರ್‌ಲಾಕ್ ಹಾಕಿದರೂ ಸೂರಿನ ನೀರು ಎಲ್ಲಿಗಾದರೂ ಹೋಗಲೇಬೇಕಲ್ವಾ? ಅದರ ಸಂದಿಯಲ್ಲೂ ಹಾವಸೆ ಕಟ್ಟುತ್ತದೆ.
ಮೇಗರವಳ್ಳಿಯವರೇ, ಗಿಡದ ಮಾತು ಆಮೇಲೆ. ಮೊದಲು ಇಷ್ಟು ಹೇಳಿ. ಮಾಡು ಹಂಚಿನದೋ ಶೀಟಿನದೋ? ನೀರು ಹಿಡಿಯಲು ಸೂರಿಗೆ ಪೈಪು ಕಟ್ಟಿದೆಯಾ? ಅಂಗಳದ ಇಳಿಜಾರು ಯಾವ ಕಡೆಗೆ? ಬಿಸಿಲು ಎಷ್ಟು ಹೊತ್ತು? ಇನ್ನೊಂದು ಕೆಲಸ ಮಾಡಿ. ಹುಲ್ಲು ಸತ್ತ ಜಾಗದಲ್ಲಿ ಒಂದು ಅಡಿ ಗುಂಡಿ ತೆಗೆದು ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಖಾಲಿಯಾಗಲು ಎಷ್ಟು ಹೊತ್ತು ಬೇಕು ನೋಡಿ.

ಮೇಗರವಳ್ಳಿ_ಮನೆ
ಹಂಚಿನ ಮಾಡು. ಪೈಪು ಇಲ್ಲ, ನೀರು ನೇರ ಅಂಗಳಕ್ಕೇ ಬೀಳುತ್ತದೆ. ಅಂಗಳ ಹೆಚ್ಚುಕಮ್ಮಿ ಮಟ್ಟ, ಎಡಕ್ಕೆ ಸ್ವಲ್ಪ ತಗ್ಗು. ಆ ಕಡೆ ನಮ್ಮದೇ ಅಡಿಕೆ ತೋಟ. ಬಲಕ್ಕೆ ದೊಡ್ಡ ಹಲಸಿನ ಮರ, ಹಾಗಾಗಿ ಮಧ್ಯಾಹ್ನದ ತನಕ ನೆರಳು. ಗುಂಡಿಗೆ ಸಂಜೆ ಎರಡನೇ ಸಲ ತುಂಬಿಸಿದ ನೀರು ಬೆಳಿಗ್ಗೆಯೂ ಹಾಗೇ ನಿಂತಿತ್ತು. ಮಳೆ ಶುರುವಾಗುವ ಮೊದಲೇ ಹೀಗೆ!

ಸಾಗರದ_ತೋಟಿಗ
ಹಾಗಾದರೆ ಹುಲ್ಲಿನ ಜಾತಿಯದ್ದು ತಪ್ಪಲ್ಲ, ನೀರಿನದ್ದು. ಜೆಸಿಬಿ ಓಡಾಡಿ ಗಟ್ಟಿಯಾದ ಧರೆಯ ಅಡಿಮಣ್ಣು ನಿಮ್ಮದು. ಅದರ ಮೇಲೆ ನರ್ಸರಿ ಚಾಪೆಯ ಜೇಡಿಮಣ್ಣು ಇನ್ನೊಂದು ಪದರ. ನೀರು ಕೆಳಗೂ ಇಳಿಯುವುದಿಲ್ಲ, ಪಕ್ಕಕ್ಕೂ ಹೋಗುವುದಿಲ್ಲ. ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಹಾವಸೆ ಬರುವುದೂ ಅದಕ್ಕೇ. ನೀರು ನಿಂತು ನೆರಳೂ ಇದ್ದರೆ ಸುಣ್ಣ ಎರಚಿದರೂ ಮತ್ತೆ ಬರುತ್ತದೆ. ಮಣ್ಣಿನ ಹುಳಿ ಕಡಿಮೆ ಮಾಡಲು ಸುಣ್ಣ ಬೇಕೋ ಬೇಡವೋ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ನವಿಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ.

ಒಂದು ಲೆಕ್ಕ ನೋಡಿ. ಮಾಡಿನ ಮುಂಭಾಗ 500 ಚದರ ಅಡಿ ಅಂದುಕೊಳ್ಳಿ. ಒಂದು ದಿನ 100 ಮಿಲಿಮೀಟರ್ ಮಳೆ ಬಂದರೆ ಸುಮಾರು 4,600 ಲೀಟರ್ ನೀರು ಸೂರಿನಿಂದ ಒಂದೇ ಗೆರೆಯಲ್ಲಿ ಬೀಳುತ್ತದೆ. ನಿಮ್ಮ ಕಡೆ ಆಷಾಢದಲ್ಲಿ 100 ಏನೂ ದೊಡ್ಡ ಮಳೆಯಲ್ಲ. ಆ ಗೆರೆಯಲ್ಲಿ ಯಾವ ಹುಲ್ಲು ನಿಂತೀತು ಹೇಳಿ.

ಮೊದಲು ಸೂರಿನ ನೀರು ಬೀಳುವ ಗೆರೆ ಗುರುತು ಮಾಡಿ. ಅದು ನಡುವೆ ಬರುವಂತೆ ಒಂದೂವರೆ ಅಡಿ ಅಗಲ, ಮುಕ್ಕಾಲು ಅಡಿ ಆಳದ ಕಾಲುವೆ ತೆಗೆಯಿರಿ. ಎಡಗಡೆಗೆ ಪ್ರತಿ 8 ಅಡಿಗೆ ಒಂದು ಇಂಚಿನಂತೆ ಇಳಿಜಾರು. 40 ಅಡಿಗೆ ಒಟ್ಟು 5 ಇಂಚು. ನೀರಿನ ಕೊಳವೆ ಹಿಡಿದು ಮಟ್ಟ ನೋಡಿಕೊಳ್ಳಿ, ಕಣ್ಣಂದಾಜು ಬೇಡ. ಎರಡೂ ಅಂಚಿಗೆ ಜಂಬಿಟ್ಟಿಗೆ ಕಲ್ಲು ನಿಲ್ಲಿಸಿ, ಒಳಗೆ 40 ಎಂಎಂ ಜಲ್ಲಿ ತುಂಬಿಸಿ. ಅದರ ಬಾಯಿ ತೋಟದ ಬಸಿಗಾಲುವೆಗೆ ಸೇರಬೇಕು. ಜಲ್ಲಿಯ ಮೇಲೆ ಬಿದ್ದ ನೀರು ಮಣ್ಣನ್ನು ಸಿಡಿಸುವುದಿಲ್ಲ, ಹಾಗಾಗಿ ಗೋಡೆಯ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಇನ್ನರ್ಧಕ್ಕೆ ಗೋಡೆಯ ಬುಡದಲ್ಲಿ ಎರಡು ಅಡಿ ಎತ್ತರ ಕಾವಿ ಬಣ್ಣದ ಪಟ್ಟಿ ಬಳಿಸಿ. ನಮ್ಮ ಹಳೇ ಮನೆಗಳಿಗೆ ಬುಡಕ್ಕೆ ಕೆಮ್ಮಣ್ಣು ಬಳಿಯುತ್ತಿದ್ದರಲ್ಲ, ಹಾಗೆ. ಸಿಡಿದ ಕೆಸರು ಕಾಣುವುದಿಲ್ಲ, ಮೇಲಿನ ಬಿಳಿ ಎದ್ದು ಕಾಣುತ್ತದೆ. ರಸ್ತೆಯಿಂದ ನೋಡುವವರಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ವ್ಯತ್ಯಾಸ ತೋರಿಸುವುದು ಬೇರೆ ಯಾವುದೂ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಆಮೇಲೆ ಗಿಡ. ಹಾದಿಯ ಎರಡೂ ಬದಿಯ ಚಾಪೆ ಎತ್ತಿ ಎಸೆಯಿರಿ. ಗುದ್ದಲಿಯಿಂದ ಒಂದು ಅಡಿ ಸಡಿಲ ಮಾಡಿ, ಕೊಟ್ಟಿಗೆ ಗೊಬ್ಬರ, ಕೊಳೆತ ದರಗು ಸೇರಿಸಿ ಅರ್ಧ ಅಡಿ ಏರು ಮಾಡಿ. ಮರಳು ಸೇರಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಜೇಡಿಗೆ ಸ್ವಲ್ಪ ಮರಳು ಬಿದ್ದರೆ ಇನ್ನೂ ಗಟ್ಟಿಯಾಗುತ್ತದೆ. ಅಲ್ಲಿ ಕೇಪಳದ ಸಾಲು ಹಾಕಿ. ಮಲೆನಾಡಿನ ಕಾಡಲ್ಲೇ ಬೆಳೆಯುವ ಗಿಡ, ಮಳೆಗೂ ಹೆದರುವುದಿಲ್ಲ. ವರ್ಷಕ್ಕೊಮ್ಮೆ ಕತ್ತರಿಸಿದರೆ ಸಾಕು. ಹಲಸಿನ ನೆರಳಿಗೆ ಜರಿಗಿಡ. ಮುಂದೆ ನೆಲ ಮುಚ್ಚಲು ಪಿಂಟೋಯಿ, ಅಂದರೆ ಹಳದಿ ಹೂವಿನ ಕಾಡುಶೇಂಗಾ ತರಹದ ಬಳ್ಳಿ. ದ್ವಿದಳ ಜಾತಿ, ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಸೇರಿಸುತ್ತದೆ. ಅರೆ ನೆರಳನ್ನೂ ತಡೆಯುತ್ತದೆ. ಬೇಸಿಗೆಯಲ್ಲಿ ಮಂಕಾಗುತ್ತದೆ, ಮಳೆ ಬಿದ್ದಾಗ ಚಿಗುರುತ್ತದೆ.

ಒಂದೊಂದು ಬಣ್ಣದ ಕ್ರೋಟನ್ ಮೂವತ್ತು ತಂದು ನೆಟ್ಟರೆ ಅಂಗಳ ಸಂತೆಯ ಹಾಗೆ ಕಾಣುತ್ತದೆ. ಮೂರೇ ಜಾತಿ ಇರಲಿ, ಸಾಲಾಗಿ ಇರಲಿ. ಬಾಗಿಲು ಮತ್ತು ಮೆಟ್ಟಿಲು ಗೇಟಿನಿಂದ ಪೂರ್ತಿ ಕಾಣಬೇಕು, ಅದಕ್ಕೆ ಅಡ್ಡ ಏನೂ ಬೇಡ.

ಹೊಸನಗರ_ಹುಡುಗ
ನೆಲ ಮುಚ್ಚಲು ಹಳದಿ ಹೂವಿನ ವೆಡೇಲಿಯಾ ಬಳ್ಳಿ ಸುಲಭ ಅಲ್ವಾ ಅಣ್ಣ? ನಮ್ಮ ಊರ ರಸ್ತೆ ಬದಿಯಲ್ಲೇ ಬೇಕಾದಷ್ಟು ಸಿಗುತ್ತೆ, ಪುಕ್ಕಟೆ.

ಸಾಗರದ_ತೋಟಿಗ
ರಸ್ತೆ ಬದಿಯಲ್ಲಿ ಬೇಕಾದಷ್ಟು ಸಿಗುತ್ತದೆ ಅನ್ನುವುದೇ ಅದರ ತೊಂದರೆ ಮಾರಾಯ್ರೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಇದೆ, ಲಂಟಾನವೂ ಇದೆ. ತುಂಡಾದ ಕಾಂಡ ನೀರಲ್ಲಿ ಹೋಗಿ ಬಿದ್ದಲ್ಲೆಲ್ಲ ಬೇರು ಬಿಡುತ್ತದೆ. ಇವರ ಅಂಗಳದ ನೀರು ಹೋಗುವುದೇ ತೋಟಕ್ಕೆ. ಬೇಡವೇ ಬೇಡ.

ಜಂಬಿಟ್ಟಿಗೆ
ಹಾದಿಯ ಹಾವಸೆಗೆ, ಅಡಿಕೆ ಕೊಳೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣ ಸುರಿಯಬಹುದಲ್ಲ? ಹೇಗೂ ಮನೆಯಲ್ಲಿ ಇರುತ್ತದೆ.

ಸಾಗರದ_ತೋಟಿಗ
ಹಾವಸೆ ಸಾಯುತ್ತದೆ, ಹೌದು. ಆದರೆ ಬೋರ್ಡೋದಲ್ಲಿರುವ ಮೈಲುತುತ್ತದ ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ವರ್ಷ ವರ್ಷ ಸೇರುತ್ತಾ ಹೋಗುತ್ತದೆ. ಎರೆಹುಳುವಿಗೆ ಕೇಡು, ಹಳ್ಳಕ್ಕೆ ಇಳಿದರೆ ಮೀನಿಗೂ ಕೇಡು. ಸಿಮೆಂಟ್ ಹಾದಿಯನ್ನು ಉಳಿಯಿಂದ ಅಡ್ಡ ಗೀರು ಹೊಡೆಸಿ ಒರಟು ಮಾಡಿಸಿ. ಇಲ್ಲವೇ ಅದರ ಮೇಲೆ ಒರಟು ಕಲ್ಲಿನ ಚಪ್ಪಡಿ ಹಾಕಿಸಿ. ಮಧ್ಯ ಸ್ವಲ್ಪ ಉಬ್ಬಿರಲಿ, ನೀರು ಎರಡೂ ಬದಿಗೆ ಇಳಿಯಲಿ. ಮಳೆಗಾಲದ ನಡುವೆ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಷ್‌ನಲ್ಲಿ ಉಜ್ಜಿ, ಗಿಡದ ಬುಡಕ್ಕೆ ಆ ನೀರು ಹೋಗದ ಹಾಗೆ. ಆ ಕೆಲಸ ಅಪ್ಪನ ಕೈಲಿ ಮಾಡಿಸಬೇಡಿ ಮತ್ತೆ. ಹಲಸಿನ ಕೆಳಗಿನ ಎರಡು ಕೊಂಬೆ ತೆಗೆಸಿದರೆ ಬಿಸಿಲು ಬರುತ್ತದೆ, ಅದೇ ದೊಡ್ಡ ಔಷಧಿ.

ಡೇರೆಹೂ
ಎಲ್ಲ ಸರಿ, ಅಮ್ಮನ ಹತ್ತಿರ ಕೇಳಿದ್ದೀರಾ? ಮಲೆನಾಡಿನ ಮನೆ ಮುಂದೆ ಡೇರೆ ಹೂ (ಡೇಲಿಯಾ) ಇಲ್ಲದೆ ಮಳೆಗಾಲವೇ?

ಮೇಗರವಳ್ಳಿ_ಮನೆ
ಕೇಳಿದೆ. “ಕೇಪಳ ಕಾಡಲ್ಲಿ ಇದೆಯಲ್ಲೋ, ಮನೆ ಮುಂದೆ ಅದೆಂತಕ್ಕೆ” ಅಂದರು. ಡೇರೆ ಬೇಕೇ ಬೇಕಂತೆ. ಗೆಡ್ಡೆ ಬುಟ್ಟಿಯಲ್ಲಿ ತೆಗೆದು ಇಟ್ಟಿದ್ದಾರೆ.

ಡೇರೆಹೂ
ನೋಡಿದ್ರಾ! ಡೇರೆ ಕೆಲಸ ಕೇಳುವ ಗಿಡ ನಿಜ. ಕೋಲು ಕಟ್ಟಬೇಕು, ಮಳೆಗಾಲ ಮುಗಿದ ಮೇಲೆ ಗೆಡ್ಡೆ ಕೀಳಬೇಕು. ಹಾಗಾಗಿ ಮೆಟ್ಟಿಲ ಪಕ್ಕ ಒಂದೇ ಮಡಿ ಮಾಡಿಕೊಡಿ, ಒಂದು ಅಡಿ ಎತ್ತರ, ಸೂರಿನ ನೀರಿನಿಂದ ಮೂರು ಅಡಿ ಆಚೆ, ಬಿಸಿಲು ಬರುವ ಕಡೆ. ಗೆಡ್ಡೆಯ ಬುಡದಲ್ಲಿ ನೀರು ನಿಲ್ಲದಿದ್ದರೆ ಸಾಕು. ಅಮ್ಮ ಬಗ್ಗದೆ ನಿಂತೇ ಕೋಲು ಕಟ್ಟುವ ಹಾಗಿರಲಿ.

ಮೇಗರವಳ್ಳಿ_ಮನೆ (ಜುಲೈ)
ಕಾಲುವೆ ಮತ್ತು ಕಾವಿ ಪಟ್ಟಿ ಮೇ ತಿಂಗಳಲ್ಲಿ ಮುಗಿಯಿತು. ಮೃಗಶಿರಾ ಮಳೆಗೆ ಕೇಪಳ, ಪಿಂಟೋಯಿ ಕಡ್ಡಿ ನೆಟ್ಟೆವು. ಈಗ ಪುನರ್ವಸು ಜೋರಾಗಿದೆ, ಅಂಗಳದಲ್ಲಿ ನೀರು ನಿಂತಿಲ್ಲ. ಡೇರೆ ಮೊಣಕಾಲೆತ್ತರ ಬಂದಿದೆ. ಒಂದು ತೊಂದರೆ: ಕಾಲುವೆಯ ನೀರು ತೋಟಕ್ಕೆ ಇಳಿಯುವ ಕಡೆ ದಂಡೆ ಕೊರೆಯುತ್ತಿದೆ. ನಿನ್ನೆ ಒಂದು ಬುಟ್ಟಿ ಮಣ್ಣು ಜಾರಿತು.

ಸಾಗರದ_ತೋಟಿಗ
ಈಗಲೇ ಆ ಬಾಯಿಗೆ ದೊಡ್ಡ ಕಾಡುಕಲ್ಲು ಮೆಟ್ಟಿಲಿನಂತೆ ಜೋಡಿಸಿ. ಸಿಮೆಂಟ್ ಬೇಡ, ಕಲ್ಲಿನ ಕೆಳಗೆ ಸಣ್ಣ ಜಲ್ಲಿ ಇರಲಿ. ನೀರು ಒಂದೇ ಸಲ ಧುಮುಕಬಾರದು, ಕಲ್ಲಿಂದ ಕಲ್ಲಿಗೆ ಇಳಿಯಬೇಕು. ಎರಡೂ ಬದಿಗೆ ಲಾವಂಚ ಅರ್ಧ ಅಡಿಗೊಂದು ನೆಡಿ. ಬೇರು ಪಕ್ಕಕ್ಕೆ ಹರಡದೆ ನೆಟ್ಟಗೆ ಆಳಕ್ಕೆ ಹೋಗುತ್ತದೆ, ಅಡಿಕೆಗೆ ತೊಂದರೆ ಕೊಡುವುದಿಲ್ಲ. ಈ ವರ್ಷ ಬೇರು ಹಿಡಿಯುವ ತನಕ ದಂಡೆಯ ಮೇಲೆ ಅಡಿಕೆ ಸೋಗೆ ಹೊದೆಸಿ ಗೂಟ ಹೊಡೆಯಿರಿ. ಕೈ ಹಾಕುವ ಮೊದಲು ಇಂಬಳ (ಜಿಗಣೆ) ನೋಡಿಕೊಳ್ಳಿ.