ಬ್ರೌಸರ್‌ನಲ್ಲಿ ಆಡುವ ಪುಟ್ಟ ಆಟಗಳು ಯಾಕಿಷ್ಟು ಹಿಡಿಸುತ್ತವೆ?

ಪ್ರಶ್ನೆ: ದೊಡ್ಡ ದೊಡ್ಡ ಆಟಗಳನ್ನು ಹಾಕಿಕೊಂಡಿದ್ದೇನೆ, ಆದರೂ ಕೆಲಸದ ನಡುವೆ ಹತ್ತು ನಿಮಿಷ ಸಿಕ್ಕರೆ ಕೈ ಹೋಗುವುದು 2048 ಎಂಬ ಅಂಕಿ ಸೇರಿಸುವ ಆಟದ ಕಡೆಗೇ. ಡೌನ್‌ಲೋಡ್ ಇಲ್ಲ, ಲಾಗಿನ್ ಇಲ್ಲ. ನಿಮಗೂ ಹೀಗೇನಾ? ನೀವು ಯಾವುದು ಆಡುತ್ತೀರಿ?

ಉತ್ತರ 1: ನನಗೂ ಅದೇ! 2014ರಲ್ಲಿ ಗೇಬ್ರಿಯೆಲೆ ಚಿರುಲ್ಲಿ ಅದನ್ನು ಬರೆದಾಗ ಅವರಿಗೆ ಬರೀ 19 ವರ್ಷ. ನಿಯಮ ತುಂಬಾ ಸುಲಭ, ಒಂದೇ ಅಂಕಿಯ ಎರಡು ಚೌಕ ತಾಗಿದರೆ ಸೇರಿ ಇಮ್ಮಡಿಯಾಗುತ್ತವೆ, ಅಷ್ಟೇ, ಆದರೆ ಜಾಗ ತುಂಬುತ್ತಾ ಬಂದ ಹಾಗೆ ಪ್ರತಿ ನಡೆಗೂ ಯೋಚಿಸಬೇಕಾಗುತ್ತದೆ. ದೊಡ್ಡ ಅಂಕಿಯನ್ನು ಒಂದು ಮೂಲೆಯಲ್ಲೇ ಇಟ್ಟುಕೊಳ್ಳಿ, ಜಾಸ್ತಿ ಹೊತ್ತು ಆಡಬಹುದು.

ಉತ್ತರ 2: ಕ್ರೋಮ್‌ನ ಡೈನೋಸಾರ್! ನೆಟ್ ಹೋದಾಗ ಸ್ಪೇಸ್ ಬಾರ್ ಒತ್ತಿದರೆ ಸಾಕು, ಓಡಲು ಶುರು. ಸೋತರೆ ಬೇಜಾರಿಲ್ಲ, ಮರುಕ್ಷಣವೇ ಇನ್ನೊಂದು ಆಟ. ನನಗೆ ಅದೇ ಇಷ್ಟ.

ಉತ್ತರ 3: ನಾನು ಫ್ಲ್ಯಾಶ್ (ಬ್ರೌಸರ್‌ನಲ್ಲಿ ಆಟ, ಅನಿಮೇಷನ್ ಓಡಿಸುತ್ತಿದ್ದ ಹಳೆಯ ತಂತ್ರಾಂಶ) ಆಟಗಳ ಜೊತೆ ಬೆಳೆದವಳು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಂತಾಗ ನಿಜಕ್ಕೂ ಸಂಕಟವಾಗಿತ್ತು. ಈಗ ರಫಲ್ ಎಂಬ ಎಮ್ಯುಲೇಟರ್‌ನಲ್ಲಿ, ಅಂದರೆ ಫ್ಲ್ಯಾಶ್‌ನ ಕೆಲಸವನ್ನು ಅದರ ಬದಲು ಮಾಡುವ ತಂತ್ರಾಂಶದಲ್ಲಿ, ಆ ಹಳೆಯ ಆಟಗಳಲ್ಲಿ ಎಷ್ಟೋ ಮತ್ತೆ ಓಡುತ್ತವೆ, ಅದೂ ಬ್ರೌಸರ್‌ನಲ್ಲೇ. ಒಮ್ಮೆ ನೋಡಿ.

ಪ್ರಶ್ನೆ ಕೇಳಿದವರು: ಮೂಲೆಯ ಉಪಾಯ ಕೆಲಸ ಮಾಡಿತು, ಮೊದಲ ಸಲ 1024 ಮುಟ್ಟಿದೆ! ರಫಲ್ ಇವತ್ತು ರಾತ್ರಿಯೇ ನೋಡುತ್ತೇನೆ.